ಒಂದಕ್ಕೆ ಐದರ ಮುಯ್ಯಿ

ಹೊಸದುರ್ಗದ ತಾಲ್ಲೂಕು ಕಚೇರಿಯ ಎದುರಿಗೆ ಒಂದು ಹುಣಸೆಮರ, ಮರದ ಕೆಳಗೊಂದು ಚಾಪೆ, ಚಾಪೆಯ ಮೇಲೆ ಚಿತ್ರಲಿಂಗಪ್ಪ. ಇಪ್ಪತ್ತು ವರ್ಷದಿಂದ ಈ ವ್ಯವಸ್ಥೆ ಹೀಗೇ ಇತ್ತು. ಅವನ ಕಸುಬು ಅರ್ಜಿ ಬರೆಯುವುದು. ಕೈಬರಹ ಎಷ್ಟು ದುಂಡಗಿತ್ತೆಂದರೆ, ಅರ್ಜಿ ವಜಾ ಆಗಿ ವಾಪಸ್ಸು ಬಂದರೂ ಜನ ಅದನ್ನು ಹರಿದು ಬಿಸಾಡದೆ ಮಡಿಚಿ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅರ್ಜಿಯೊಳಗಿನ ಕಾನೂನು ಹೇಗಿತ್ತೋ ಆ ಮಾತು ಬೇರೆ. ಮೇಲಿನ "ಸನ್ನಿಧಾನಕ್ಕೆ" ಎಂಬಲ್ಲಿಂದ ಕೆಳಗಿನ "ತಮ್ಮ ವಿಧೇಯ" ಎಂಬಲ್ಲಿಯವರೆಗೆ ಒಂದು ಚಿತ್ತೂ ಇರುತ್ತಿರಲಿಲ್ಲ.

ಇಂಥ ಮನುಷ್ಯನಿಗೆ ಎಪ್ಪತ್ನಾಲ್ಕನೇ ಇಸವಿಯಲ್ಲಿ ಒಂದು ಹೊಸ ಪದ ಸಿಕ್ಕಿತು. ಸಿಕ್ಕಿದ್ದು ಓಬಣ್ಣನ ಹೋಟೆಲಿನಲ್ಲಿ.

ಅವತ್ತು ಬೆಳಿಗ್ಗೆ ಓಬಣ್ಣ ನಾಲ್ಕಾಣೆಯ ಕಾಫಿಯನ್ನು ಐದಾಣೆ ಮಾಡಿದ್ದ. ಅಷ್ಟು ಮಾಡಿ ಸುಮ್ಮನಿದ್ದರೆ ಜನ ಗೊಣಗಿಕೊಂಡು ಕುಡಿಯುತ್ತಿದ್ದರೋ ಏನೋ, ಇಡ್ಲಿಯನ್ನೂ ಸ್ವಲ್ಪ ಸಣ್ಣದು ಮಾಡಿಬಿಟ್ಟಿದ್ದ. ತೆಂಗಿನ ತೋಟದ ಸಣ್ಣತಿಮ್ಮಪ್ಪ ಒಂದು ಇಡ್ಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಲೇ ಓಬಣ್ಣ, ಇದೇನು ಇಡ್ಲಿನೋ, ಡಾಕ್ಟ್ರು ಕೊಡೋ ಗುಳಿಗೆನೋ? ನೀರಾಗೆ ನುಂಗಬೇಕೇನಪ್ಪ?" ಎಂದು ಕೂಗಿದ. ಹೋಟೆಲೆಲ್ಲ ಅವನ ಕಡೆ ಆಯಿತು. ಓಬಣ್ಣ ಗಲ್ಲಾಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬೆವರುತ್ತಿದ್ದ.

ಆಗ ಮೂಲೆಯ ಮೇಜಿನಿಂದ, ಹೋಟೆಲಿನ ಪೇಪರನ್ನು ಪುಕ್ಕಟೆ ಓದುತ್ತಿದ್ದ ಚಿತ್ರಲಿಂಗಪ್ಪ ಗಂಟಲು ಸರಿ ಮಾಡಿಕೊಂಡ.

"ಓಬಣ್ಣಂದು ಏನೂ ತಪ್ಪಿಲ್ಲ. ಇದು ಹಣದುಬ್ಬರ."

ಗಲಾಟೆ ಟಕ್ಕನೆ ನಿಂತಿತು. ಸಣ್ಣತಿಮ್ಮಪ್ಪ ಇಡ್ಲಿಯನ್ನು ತಟ್ಟೆಗಿಟ್ಟು, "ಹಂಗಂದ್ರೆ?" ಎಂದ.

"ಹಂಗಂದ್ರೆ, ರೂಪಾಯಿ ಅದೇ ಐತೆ, ಅದರ ಕಸುವು ಕಮ್ಮಿ ಆಗೈತೆ. ನಮ್ಮ ಮದುವೆ ಕಾಲ್ದಾಗೆ ಕಾಫಿ ಒಂದಾಣೆ. ಇವತ್ತು ಐದಾಣೆ. ಲೋಟ ಏನು ಐದು ಪಟ್ಟು ದೊಡ್ಡದಾಗೈತಾ? ಇಲ್ಲ. ಕಾಫಿ ಅಷ್ಟೇ ಐತೆ, ದುಡ್ಡಿನ ಲೆಕ್ಕ ಊದಿಕೊಂಡೈತೆ. ದೇಶಕ್ಕೆಲ್ಲ ಹಿಂಗೇ ಆಗೈತೆ ಅಂತ ಪೇಪರ್ನಾಗೆ ಬರ್ದವ್ರೆ."

ನ್ಯಾಯವಾಗಿ ಹೇಳಬೇಕೆಂದರೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿಗೇ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಓಬಣ್ಣ ಓಡಿ ಬಂದು ಅವನ ಮುಂದೆ ಒಂದು ಕಾಫಿ ಇಟ್ಟು, "ದುಡ್ಡು ಬ್ಯಾಡ್ರಿ, ಕುಡೀರಿ" ಎಂದುಬಿಟ್ಟ. ದೇಶಕ್ಕೇ ಬಂದದ್ದು ಎಂದ ಮೇಲೆ ಓಬಣ್ಣನನ್ನು ಬೈದು ಏನು ಮಾಡುವುದೆಂದು ಜನ ಐದಾಣೆ ಕೊಟ್ಟು ಎದ್ದರು. ಮಾರನೇ ದಿನದಿಂದ ಗಿರಾಕಿಗಳು ಜಗಳ ತೆಗೆದಾಗೆಲ್ಲ ಓಬಣ್ಣ ರಸ್ತೆಗೆ ಬಂದು, "ಚಿತ್ರಲಿಂಗಪ್ಪಾರೇ, ಒಂದ್ಗಳಿಗೆ ಬರ್ರಿ, ಇವ್ರಿಗೆ ಸ್ವಲ್ಪ ಹಣದುಬ್ಬರ ಹೇಳ್ರಿ" ಎಂದು ಕರೆಯತೊಡಗಿದ. ಹೇಳಿದ್ದಕ್ಕೊಂದು ಕಾಫಿ. ಎಣ್ಣೆಯಲ್ಲಿ ಕರಿದದ್ದರ ಮೇಲೆ ಜಗಳವಾದ ದಿನ ಕಾಫಿ ಜೊತೆಗೆ ಒಂದು ವಡೆ.

ಪುಕ್ಕಟೆ ಕಾಫಿ ತಲೆಗೇರಿತು. ಪದ ಅರ್ಜಿಗಿಳಿಯಿತು.

ಮೊದಲು ಸಣ್ಣತಿಮ್ಮಪ್ಪನ ಅರ್ಜಿ. ಅವನ ತೋಟದ ಪಕ್ಕದವನು ಬದುವನ್ನು ಒಂದು ಮೊಳ ಒತ್ತಿದ್ದ. ಚಿತ್ರಲಿಂಗಪ್ಪ ಬರೆದ: "ಪ್ರಸ್ತುತ ಹಣದುಬ್ಬರದ ದೆಸೆಯಿಂದ ಅರ್ಜಿದಾರನ ಪೂರ್ವ ದಿಕ್ಕಿನ ಬದುವು ಒಂದು ಮೊಳ ಪಶ್ಚಿಮಕ್ಕೆ ಸರಿದಿರುತ್ತದೆ." ಓದಿ ಹೇಳಿದಾಗ ಸಣ್ಣತಿಮ್ಮಪ್ಪನಿಗೆ ಮೈ ಜುಮ್ಮೆಂದಿತು. ವಿಚಾರಣೆಯ ದಿನ ಎದುರಾಳಿ ಕೈಮುಗಿದು ನಿಂತು, "ಸ್ವಾಮಿ, ನಾನು ಬದು ಸರಿಸಿದ್ದೀನಿ ಅಂತ ಅವನೇ ಬರ್ದಿಲ್ಲ. ಯಾರು ಸರಿಸಿದ್ರೋ ಅವರಿಗೆ ನೋಟೀಸು ಕೊಡ್ರಿ" ಎಂದ.

ಶಿರಸ್ತೇದಾರರು ಕನ್ನಡಕ ತೆಗೆದು ಒರೆಸಿಕೊಂಡು, ಜವಾನನ ಕೈಲಿ ಚಿತ್ರಲಿಂಗಪ್ಪನನ್ನು ಮರದ ಕೆಳಗಿನಿಂದ ಕರೆಸಿದರು.

"ಏನ್ರೀ ಚಿತ್ರಲಿಂಗಪ್ಪ, ಹಣದುಬ್ಬರಕ್ಕೆ ನೋಟೀಸು ಕಳಿಸಬೇಕಂತೆ. ವಿಳಾಸ ಹೇಳಿ, ಬರ್ಕೋತೀನಿ."

ಮರ್ಯಾದಸ್ಥನಾದ ಬೇರೆ ಯಾವನಾದರೂ ಅವತ್ತೇ ಆ ಪದ ಬಿಟ್ಟುಬಿಡುತ್ತಿದ್ದ. ಆದರೆ ಹೊರಗೆ ಆದದ್ದೇ ಬೇರೆ. ಶಿರಸ್ತೇದಾರರು ಆ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿದ್ದನ್ನು ಜನ ಕಿವಿಯಾರೆ ಕೇಳಿದ್ದರು. ತಮ್ಮ ಅರ್ಜಿಯನ್ನು ಯಾರೂ ಒಂದು ಸಲವೂ ಓದದ ಸಂಕಟದಲ್ಲಿದ್ದ ಜನರಿಗೆ ಇದು ಸಣ್ಣ ಮಾತೇ? "ನಮ್ದಕ್ಕೂ ಅದೊಂದು ಹಾಕ್ರಿ" ಎಂದು ಶುರುವಾಯಿತು. ಖಾತೆ ಬದಲಾವಣೆಗೆ ಹಣದುಬ್ಬರ, ಬಾವಿಗೆ ಹಣದುಬ್ಬರ, ವೃದ್ಧಾಪ್ಯ ವೇತನಕ್ಕೆ ಹಣದುಬ್ಬರ. "ಅವನಿಗೆ ಎರಡು ಕಡೆ ಹಾಕೀರಿ, ನಂಗೆ ಒಂದೇ ಕಡೆ ಯಾಕೆ?" ಎಂದು ಒಬ್ಬ ಮುದುಕಪ್ಪ ಮುನಿಸಿಕೊಂಡು ಎದ್ದೇ ಹೋದ. ಚಿತ್ರಲಿಂಗಪ್ಪ ಎಂಟಾಣೆಯ ಅರ್ಜಿಯನ್ನು ಹನ್ನೆರಡಾಣೆ ಮಾಡಿದ. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದರೆ ಏನು ಉತ್ತರ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಇಲ್ಲಿಯವರೆಗೂ ಯಾರಿಗೂ ನಷ್ಟವಿರಲಿಲ್ಲ. ಕೆಟ್ಟದ್ದು ಮುಯ್ಯಿಯಿಂದ.

ನಮ್ಮ ಕಡೆ ಮುಯ್ಯಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ನಿಮ್ಮ ಮನೆ ಮದುವೆಗೆ ನಾನು ಎರಡು ರೂಪಾಯಿ ಹಾಕಿದರೆ ನೀವು ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ನಮ್ಮ ಮನೆ ಮದುವೆಗೆ ಬಂದು ಎರಡನ್ನೋ, ಮೇಲೆ ಇನ್ನೊಂದು ಸೇರಿಸಿಯೋ ತೀರಿಸಬೇಕು. ಆ ಪುಸ್ತಕ ಬೀರುವಿನಲ್ಲಿ ಒಡವೆಯ ಪಕ್ಕದಲ್ಲಿರುತ್ತದೆ. ಒಡವೆ ಇಲ್ಲದ ಮನೆಯಲ್ಲೂ ಪುಸ್ತಕ ಇರುತ್ತದೆ.

ಮದುವೆ ದಿನಗಳು ಹತ್ತಿರ ಬಂದಾಗ ಸಣ್ಣತಿಮ್ಮಪ್ಪ ಹೋಟೆಲಿನಲ್ಲಿ ಕೇಳಿದ: "ಅಲ್ಲ ಚಿತ್ರಲಿಂಗಪ್ಪ, ಐವತ್ತೊಂದನೇ ಇಸವಿಯಾಗೆ ನಾನು ಒಬ್ಬನಿಗೆ ಐದು ರೂಪಾಯಿ ಮುಯ್ಯಿ ಹಾಕಿದ್ದೆ. ಈಗ ಅವನು ಐದೇ ತಂದು ಕೊಟ್ರೆ ನಂಗೆ ಮೋಸ ಅಲ್ವೇನೋ?"

ಹೋಟೆಲಿನಲ್ಲಿ ಇಪ್ಪತ್ತು ಜನ. ಕೈಯಲ್ಲಿ ಪುಕ್ಕಟೆ ಕಾಫಿ. ಚಿತ್ರಲಿಂಗಪ್ಪ ಲೋಟವನ್ನು ನಿಧಾನವಾಗಿ ಕೆಳಗಿಟ್ಟು ತೀರ್ಪು ಕೊಟ್ಟ.

"ಮೋಸಾನೇ. ಅವತ್ತಿನ ಒಂದು ಇವತ್ತಿನ ಐದು. ಮುಯ್ಯಿ ಒಂದಕ್ಕೆ ಐದರಂಗೆ ವಾಪಸ್ ಮಾಡಬೇಕು. ಹಣದುಬ್ಬರದ ಲೆಕ್ಕ ಅದು."

ಆ ಮಾತು ಹನ್ನೊಂದು ಗಂಟೆಯ ಬಸ್ಸಿನಲ್ಲಿ ಹೊಳಲ್ಕೆರೆಗೆ, ಮಧ್ಯಾಹ್ನದ ಬಸ್ಸಿನಲ್ಲಿ ಹಿರಿಯೂರಿಗೆ ಹೋಯಿತು. ಹೋಟೆಲಿನಲ್ಲಿ ಹತ್ತಿದಾಗ ಅದು ಚಿತ್ರಲಿಂಗಪ್ಪನ ಮಾತಾಗಿತ್ತು. ಬಸ್ಸಿನಲ್ಲಿ ಅದು ತಾಲ್ಲೂಕಾಫೀಸಿನವರು ಹೇಳಿದ ಮಾತಾಯಿತು. ಇಳಿಯುವ ಹೊತ್ತಿಗೆ ಸರ್ಕಾರಿ ಆರ್ಡರ್ ಆಗಿತ್ತು. ಎರಡು ವಾರದೊಳಗೆ ಮೂರು ಮದುವೆಗಳಲ್ಲಿ ಮುಯ್ಯಿ ಪುಸ್ತಕ ಹಿಡಿದು ಎಳೆದಾಡಿದರು. ಒಂದು ಕಡೆ ಪುಸ್ತಕ ಎರಡು ಹೋಳಾಗಿ, ಗಂಡಿನ ಕಡೆಯವರಿಗೆ ಅರ್ಧ ಲೆಕ್ಕ, ಹೆಣ್ಣಿನ ಕಡೆಯವರಿಗೆ ಅರ್ಧ ಲೆಕ್ಕ ಉಳಿಯಿತಂತೆ.

ಚಿತ್ರಲಿಂಗಪ್ಪನಿಗೆ ಇದು ಗೊತ್ತಾದದ್ದು ಹರಿಯಬ್ಬೆಯಿಂದ ಒಬ್ಬ ರೈತ ಬಂದು ಚಾಪೆಯ ಮುಂದೆ ಕುಕ್ಕರುಗಾಲಲ್ಲಿ ಕುಂತಾಗ.

"ಒಂದು ಅರ್ಜಿ ಬರೀರಿ. ಮುಯ್ಯಿ ಒಂದಕ್ಕೆ ಐದು ಅಂತ ಆರ್ಡರ್ ಆಗೈತಲ್ಲ, ಅದರ ನಕಲು ಬೇಕು. ನಮ್ಮ ಮಾವ ಒಪ್ತಿಲ್ಲ, ಮುಖಕ್ಕೆ ಹಿಡೀಬೇಕು."

ಚಿತ್ರಲಿಂಗಪ್ಪ ಪೆನ್ನು ಕೆಳಗಿಟ್ಟ. "ಅಂಥಾ ಆರ್ಡರ್ ಯಾವುದೂ ಇಲ್ಲ ಕಣಪ್ಪ. ಅದು ಸುಮ್ಮನೆ ಯಾರೋ ಹೋಟ್ಲಾಗೆ ಆಡಿದ ಮಾತು."

ಆ ರೈತ ಅವನನ್ನು ಮೇಲಿಂದ ಕೆಳಗೆ ನೋಡಿ ಕನಿಕರದಿಂದ ಹೇಳಿದ: "ನೀವು ಹೊರಗೆ ಮರದ ಕೆಳಗೆ ಕುಂತೋರು. ಒಳಗಿನ ಆರ್ಡರ್ ನಿಮಗೆ ಹೆಂಗೆ ಗೊತ್ತಾಗ್ಬೇಕು? ನೀವು ಬರೀರಿ ಸುಮ್ನೆ."

ಚಿತ್ರಲಿಂಗಪ್ಪ ಬರೆದ. ತಾನೇ ಆಡಿದ ಮಾತಿನ ದೃಢೀಕೃತ ನಕಲು ಬೇಕೆಂದು, ದುಂಡನೆ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದಂತೆ ಬರೆದು ಹನ್ನೆರಡಾಣೆ ತೆಗೆದುಕೊಂಡ. ಹಾಗೆ ನಕಲು ಕೇಳಿ ಆ ವಾರ ಏಳು ಅರ್ಜಿ ಬಂದವೆಂದು ಶಿರಸ್ತೇದಾರರು ಜವಾನನ ಹತ್ತಿರ ಹೇಳಿದರಂತೆ. ಕರೆಸಿ ಬೈದಿದ್ದರಾದರೂ ಸಮಾಧಾನವಿರುತ್ತಿತ್ತು, ಕರೆಸಲಿಲ್ಲ. ಹೋಗುವಾಗ ಬರುವಾಗ ಮರದ ಕಡೆ ಸುಮ್ಮನೆ ನೋಡಿ ಹೋಗುತ್ತಿದ್ದರು.

ಆ ಭಾನುವಾರ ಹಿರೇಗುಂಟನೂರಿನಿಂದ ಬೀಗರು ಬಂದರು.

ಚಿತ್ರಲಿಂಗಪ್ಪನಿಗೆ ಇದ್ದವಳು ಒಬ್ಬಳೇ ಅಕ್ಕ, ದುರುಗಕ್ಕ. ತಾಯಿ ಬೇಗ ಹೋದ ಮೇಲೆ ಅವನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅವಳನ್ನು ಕೊಟ್ಟದ್ದು ಹಿರೇಗುಂಟನೂರಿನ ಮೂರ್ತಪ್ಪನಿಗೆ. ಮೂರ್ತಪ್ಪ ಮೆತ್ತನೆ ಮನುಷ್ಯ, ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವವನು ಅವನ ಅಣ್ಣ ಬೋರಪ್ಪ. ಈಗ ಅಣ್ಣತಮ್ಮ ಇಬ್ಬರೂ ದುರುಗಕ್ಕನ ಮಗನ ಮದುವೆಯ ಲಗ್ನಪತ್ರಿಕೆ ಹಿಡಿದು ಬಂದಿದ್ದರು.

"ಬರ್ರಿ, ಬರ್ರಿ, ಕುಂತ್ಕಳ್ರಿ" ಎಂದು ಚಿತ್ರಲಿಂಗಪ್ಪನ ಹೆಂಡತಿ ಶಾಂತಕ್ಕ ಚಾಪೆ ಹಾಸಿ ನೀರು ಕೊಟ್ಟಳು. ಬೋರಪ್ಪ ನೀರು ಕುಡಿದು, ಮೀಸೆ ಒರೆಸಿಕೊಂಡು, ಪೀಠಿಕೆ ಇಲ್ಲದೆ ಶುರುಮಾಡಿದ.

"ಏನಪ್ಪ ಚಿತ್ರಲಿಂಗಪ್ಪ, ಒಂದಕ್ಕೆ ಐದು ಅಂತ ಮಾಡಿಸಿದೋನು ನೀನೇ ಅಂತಲ್ಲ. ಬಸ್ನಾಗೆಲ್ಲ ನಿನ್ನ ಹೆಸರೇ. ಭಾಳ ಒಳ್ಳೇದು ಮಾಡ್ದೆ ಬಿಡು. ನಿನ್ನ ಮದುವೇಗೆ ನಮ್ಮ ಮೂರ್ತಪ್ಪ ಎಷ್ಟು ಹಾಕಿದ್ದ, ಪುಸ್ತಕ ತೆಗಿ ನೋಡಾಣ."

ಪುಸ್ತಕ ಬಂತು. ಐವತ್ತೊಂದನೇ ಇಸವಿ, ಚಿತ್ರಲಿಂಗಪ್ಪನ ತೀರಿಹೋದ ಅಪ್ಪನ ಕೈಬರಹ: ಹಿರೇಗುಂಟನೂರು ಅಳಿಯ ಮೂರ್ತಪ್ಪ, ಹನ್ನೊಂದು ರೂಪಾಯಿ. ಆ ಪುಟದಲ್ಲಿ ಅದೇ ದೊಡ್ಡದು, ಮಿಕ್ಕವರೆಲ್ಲ ಎಂಟಾಣೆ, ಒಂದು ರೂಪಾಯಿಯವರು.

"ಹನ್ನೊಂದೈದ್ಲ ಐವತ್ತೈದು" ಎಂದ ಬೋರಪ್ಪ. "ನಿಮ್ಮ ಲೆಕ್ಕಾನೇ ಅಲ್ವಾ? ನಾನು ಊರಾಗೆಲ್ಲ ಹೇಳೀನಿ, ನಮ್ಮ ಹುಡುಗನ ಸೋದರಮಾವ ಐವತ್ತೈದು ಹಾಕ್ತಾನೆ ಅಂತ."

ಮೂರ್ತಪ್ಪ ನೆಲ ನೋಡಿಕೊಂಡು ಕುಂತಿದ್ದ. "ಅಣ್ಣ, ಅದೆಲ್ಲ ಯಾಕೆ ಈಗ..." ಎಂದು ಬಾಯಿ ತೆಗೆದವನು ಅಣ್ಣನ ಮುಖ ನೋಡಿ ಮುಚ್ಚಿಕೊಂಡ.

ಅವರು ಹೋದ ಮೇಲೆ ಶಾಂತಕ್ಕ ಒರಳು ಕಲ್ಲಿನ ಮುಂದೆ ಕುಂತು ಚಟ್ನಿ ರುಬ್ಬುತ್ತಾ ಕೇಳಿದಳು: "ಮನೇಲಿ ಎಷ್ಟೈತೆ?"

"ಇಪ್ಪತ್ತೊಂದು."

"ಹೋದ ವರ್ಷ ಬೋರಪ್ಪಾರ ಮಗನ ಮದುವೇಗೆ ಅವರ ಹೆಂಡ್ತಿ ತವರಿನೋರು ಐವತ್ತೊಂದು ಹಾಕಿದ್ರು. ಆವತ್ತಿಂದ ಆಯಮ್ಮ ನೀರು ಸೇದುವಾಗ್ಲೂ ಐವತ್ತೊಂದು, ರೊಟ್ಟಿ ತಟ್ಟುವಾಗ್ಲೂ ಐವತ್ತೊಂದು. ಈಗ ನೀವು ಇಪ್ಪತ್ತೊಂದು ಹಾಕಿ ಬನ್ನಿ, ಅತ್ತಿಗೆ ಬದುಕಿರೋ ತನಕ ಅದನ್ನ ಕೇಳ್ಕಂಡಿರ್ಲಿ."

ಚಿತ್ರಲಿಂಗಪ್ಪ ಮುಯ್ಯಿ ಪುಸ್ತಕ ಮಡಿಚಿಟ್ಟ. ತನಗೆ ಅವಮಾನ ಆದರೆ ಆಗಲಿ, ಮರದ ಕೆಳಗಿನವನಿಗೆ ಅದೇನು ಹೊಸದಲ್ಲ. ಅಕ್ಕ ಆ ಮನೆಯಲ್ಲಿ ತಲೆ ತಗ್ಗಿಸಿಕೊಂಡು ನೀರು ಸೇದುವುದನ್ನು ನೆನೆದರೆ ಅವನಿಗೆ ಸಂಕಟವಾಗುತ್ತಿತ್ತು. ಆದರೆ ಐವತ್ತೈದು ರೂಪಾಯಿ ಎಂದರೆ ಎಪ್ಪತ್ತು ಚಿಲ್ಲರೆ ಅರ್ಜಿ. ಮದುವೆಗೆ ಉಳಿದದ್ದು ಹತ್ತು ದಿನ. ತಾಲ್ಲೂಕಿನಲ್ಲಿ ಅಷ್ಟು ಜನಕ್ಕೆ ಒಟ್ಟಿಗೇ ಅನ್ಯಾಯ ಆಗುವುದು ಸಾಧ್ಯವಿರಲಿಲ್ಲ.

ಮಾರನೇ ದಿನ ಹೋಟೆಲಿಗೆ ಹೋದವನೇ, ಯಾರೂ ಕೇಳದಿದ್ದರೂ, "ಹಣದುಬ್ಬರ ಸ್ವಲ್ಪ ಇಳ್ದೈತಂತೆ. ಈಗ ಒಂದಕ್ಕೆ ಎರಡೇ ಸಾಕಂತೆ" ಎಂದು ಘೋಷಿಸಿದ.

"ಹೌದಾ?" ಎಂದ ಸಣ್ಣತಿಮ್ಮಪ್ಪ. "ಓಬಣ್ಣ, ಕೇಳಿಸ್ತಾ? ಇಳ್ದೈತಂತೆ. ಕಾಫಿ ಎರಡಾಣೆ ಮಾಡು."

ಓಬಣ್ಣ ಗಲ್ಲಾದಿಂದ ಎದ್ದು ಬಂದು, ಚಿತ್ರಲಿಂಗಪ್ಪನ ಮುಂದಿದ್ದ ಕಾಫಿಯನ್ನು ಅವನು ಒಂದು ಗುಟುಕು ಕುಡಿದಿದ್ದರೂ ಎತ್ತಿಕೊಂಡು ಒಳಗೆ ಹೋದ. ಹಣದುಬ್ಬರವನ್ನು ಏರಿಸುವುದು ಸುಲಭ, ಇಳಿಸುವುದು ಕಷ್ಟ ಎಂದು ದೊಡ್ಡ ದೊಡ್ಡವರು ಹೇಳುವ ಮಾತು ಚಿತ್ರಲಿಂಗಪ್ಪನಿಗೆ ಅರ್ಥವಾದದ್ದು ಆಗಲೇ.

ಮದುವೆಯ ದಿನ ಬಂತು. ಶಾಂತಕ್ಕ ದುರುಗಕ್ಕನಿಗೆ ಒಂದು ಹತ್ತಿ ಸೀರೆ, ಕುಬಸದ ಕಣ ತಂದಿದ್ದಳು. ಚಿತ್ರಲಿಂಗಪ್ಪನ ಅಂಗಿಯ ಒಳಜೇಬಿನಲ್ಲಿ ಇಪ್ಪತ್ತೊಂದು ರೂಪಾಯಿ. ವಾಪಸ್ಸು ಬರುವ ಬಸ್ ಚಾರ್ಜೂ ಅದರೊಳಗೇ ಸೇರಿತ್ತು. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಹಿರೇಗುಂಟನೂರು ಮುಟ್ಟುವಷ್ಟರಲ್ಲಿ ಅವನು ಜೇಬನ್ನು ಹದಿನೈದು ಸಲ ಮುಟ್ಟಿ ನೋಡಿದ್ದ. ಹೆಚ್ಚೂ ಆಗಿರಲಿಲ್ಲ, ಕಮ್ಮಿಯೂ ಆಗಿರಲಿಲ್ಲ.

ಧಾರೆ ಮುಗಿಯಿತು. ಚಪ್ಪರದ ಕೆಳಗೆ ಜಮಖಾನ ಹಾಸಿ ಮುಯ್ಯಿ ಪುಸ್ತಕ ತಂದಿಟ್ಟರು. ಬರೆಯುವವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಬೋರಪ್ಪ ಎಲ್ಲರಿಗೂ ಕೇಳುವಂತೆ, "ನಮ್ಮ ಬೀಗರೇ ಕುಂತ್ಕಳ್ಲಿ. ಲೆಕ್ಕದ ಆರ್ಡರ್ ತಂದೋರೇ ಅವರು" ಎಂದು ಚಿತ್ರಲಿಂಗಪ್ಪನ ಕೈಗೆ ಪೆನ್ನು ಕೊಟ್ಟ. ಸೋದರಮಾವನ ಮುಯ್ಯಿ ಕೊನೆಗೆ, ಎಲ್ಲರೆದುರು ಕೂಗಿ ಹಾಕುವುದು ಆ ಮನೆಯ ಪದ್ಧತಿ.

ಜನ ಸಾಲಾಗಿ ಬಂದರು. ಒಬ್ಬೊಬ್ಬರೂ ಹಳೇ ಪುಸ್ತಕ ನೋಡಿಸಿ, "ನಂದು ಎಷ್ಟಾತು?" ಎಂದು ಕೇಳುವುದು, ಚಿತ್ರಲಿಂಗಪ್ಪ ಸಣ್ಣ ದನಿಯಲ್ಲಿ "ಹತ್ತು" ಎನ್ನುವುದು, ಅವರು "ಅಯ್ಯೋ ಶಿವನೇ" ಎನ್ನುವುದು. ಒಬ್ಬಾತ ಎರಡು ರೂಪಾಯಿ ಜಮಖಾನದ ಮೇಲೆ ಎಸೆದು, ಬಾಕಿ ಕೇಳುವ ಮೊದಲೇ ಊಟದ ಪಂಕ್ತಿಗೆ ಓಡಿದ. ದ್ಯಾಮಮ್ಮ ಎಂಬ ಮುದುಕಿ, "ನನ್ನ ಮದುವೇಗೆ ಇವರ ಅಜ್ಜ ಕೊಟ್ಟಿದ್ದು ಒಂದು ಕುಂಬಳಕಾಯಿ. ಐದು ಕುಂಬಳಕಾಯಿ ಎಲ್ಲಿಂದ ಹೊತ್ಕಂಬರ್ಲಿ?" ಎಂದು ನಿಂತಲ್ಲೇ ಅಳತೊಡಗಿದಳು. ಅವಳಿಗೆ ವಿನಾಯಿತಿ ಕೊಟ್ಟದ್ದಾಯಿತು.

ಸಾಲು ಅರ್ಧ ಕರಗಿದಾಗ ಮೂರ್ತಪ್ಪ ಬಂದು, "ಒಂದ್ನಿಮಿಷ ಬಾ" ಎಂದು ಚಿತ್ರಲಿಂಗಪ್ಪನನ್ನು ಹುಲ್ಲಿನ ಬಣವೆಯ ಹಿಂದಕ್ಕೆ ಕರೆದುಕೊಂಡು ಹೋದ.

"ಎಷ್ಟು ತಂದೀಯ?"

"ಇಪ್ಪತ್ತೊಂದು, ಭಾವ."

ಮೂರ್ತಪ್ಪ ಸೊಂಟದ ಚೀಲ ಬಿಚ್ಚಿ ಮೂವತ್ನಾಲ್ಕು ರೂಪಾಯಿ ಎಣಿಸಿ ಅವನ ಕೈಯಲ್ಲಿಟ್ಟ. "ತಗಾ. ಮುಯ್ಯಿಗೆ ಹಾಕು. ನಿನ್ನ ಮದುವೆ ದಿನ ನನ್ನ ಹತ್ರ ಇದ್ದಿದ್ದು ಒಂದೇ ರೂಪಾಯಿ ಕಣೋ. ನಿಮ್ಮಪ್ಪ ನನ್ನನ್ನ ಹಿತ್ಲಿಗೆ ಕರ್ದು ಹತ್ತು ಕೊಟ್ಟು, 'ಅಳಿಯಂದ್ರು ಹನ್ನೊಂದು ಅಂತ ಕೂಗ್ಸಿ, ನನ್ನ ಮಗಳು ನಗಬೇಕು' ಅಂದ್ರು. ಇದು ನಿಮ್ಮಕ್ಕಂಗೆ ಗೊತ್ತಿಲ್ಲ. ಹೇಳಬ್ಯಾಡ. ನನ್ನ ಮೇಲೆ ಆಣೆ."

ಮಾತು ಕಮ್ಮಿಯ ಮನುಷ್ಯ ಒಂದೇ ಉಸಿರಿಗೆ ಇಷ್ಟು ಹೇಳಿ ಹೋಗಿಬಿಟ್ಟ. ಚಿತ್ರಲಿಂಗಪ್ಪ ಬಣವೆಗೆ ಒರಗಿ ನಿಂತ. ಕೊಟ್ಟದ್ದು ಒಂದು ರೂಪಾಯಿ, ಒಂದಕ್ಕೆ ಐದರಂತೆ ತಾನು ನ್ಯಾಯವಾಗಿ ಕೊಡಬೇಕಾದ್ದು ಐದೇ ರೂಪಾಯಿ ಎಂದು ಅವನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಆ ತಲೆಯ ಮೇಲೆ ಅವನಿಗೇ ಸಿಟ್ಟು ಬಂತು.

ತಿರುಗಿ ಬರುತ್ತಿದ್ದವನನ್ನು ಅಡುಗೆಮನೆಯ ಹಿಂಬಾಗಿಲಿಂದ ದುರುಗಕ್ಕ ಕೈಸನ್ನೆ ಮಾಡಿ ಕರೆದಳು. ಮುಖವೆಲ್ಲ ಹೊಗೆ, ಕಣ್ಣು ಕೆಂಪು.

"ಲೇ ಚಿತ್ರಲಿಂಗ, ಯಾಕೋ ಇಷ್ಟು ಸೊರಗೀಯ? ಇಲ್ಲಿ ಬಾ. ಹೊತ್ತಿಲ್ಲ ನಂಗೆ, ಸಾರು ಕುದೀತೈತೆ." ಸೆರಗಿನ ಗಂಟು ಬಿಚ್ಚಿ ಮುದುರಿದ ನೋಟು, ಚಿಲ್ಲರೆ ಎಲ್ಲ ಅವನ ಬೊಗಸೆಗೆ ಸುರಿದಳು. "ಮೂವತ್ನಾಲ್ಕು ಐತೆ, ಬೆಣ್ಣೆ ಮಾರಿದ್ದು. ಇಪ್ಪತ್ತೊಂದು ತಂದೀರಿ ಅಂತ ಶಾಂತ ಹೇಳಿದ್ಲು. ಸೇರಿಸಿ ಹಾಕು."

"ಅಕ್ಕ, ಅದು ಭಾವ..." ಎಂದವನು ಆಣೆ ನೆನಪಾಗಿ ನಾಲಿಗೆ ಕಚ್ಚಿಕೊಂಡ.

"ನಿಮ್ಮ ಭಾವಂಗೆ ಹೇಳೀಯ ಮತ್ತೆ! ಅವತ್ತು ಅಪ್ಪಯ್ಯ ಅವರಿಗೆ ಹಿತ್ಲಾಗೆ ದುಡ್ಡು ಕೊಟ್ಟಿದ್ದನ್ನ ನಾನು ಬಾಗ್ಲ ಸಂದಿಯಾಗೆ ನೋಡಿದ್ದೆ. ನಂಗೆ ಗೊತ್ತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಗಂಡಸ್ರಿಗೆ ಇಂಥವು ಗೊತ್ತಾಗ್ಬಾರ್ದು, ಮನಸ್ಸು ಮುರೀತೈತೆ." ಸೆರಗಿನಿಂದ ತಮ್ಮನ ಹಣೆಯ ಬೆವರು ಒರೆಸಿ, "ಹೋಗು, ಗಟ್ಟಿಯಾಗಿ ಕೂಗು. ನಂಗೆ ಇಲ್ಲೀ ತನಕ ಕೇಳಿಸ್ಬೇಕು" ಎಂದು ಒಳಗೆ ಓಡಿದಳು.

ಈಗ ಒಳಜೇಬು ಉಬ್ಬಿತ್ತು. ಚಿತ್ರಲಿಂಗಪ್ಪ ಅದರ ಮೇಲೆ ಶಲ್ಯ ಎಳೆದುಕೊಂಡು ಚಪ್ಪರದ ಕಡೆ ಹೆಜ್ಜೆ ಹಾಕಿದ. ದನದ ಕೊಟ್ಟಿಗೆ ದಾಟುವಾಗ ಒಂದು ದೊಡ್ಡ ಕೈ ಬಂದು ಅವನನ್ನು ಒಳಕ್ಕೆ ಎಳೆದುಕೊಂಡಿತು. ಬೋರಪ್ಪ.

"ನಿನ್ನ ಹತ್ರ ಇರೋದು ಇಪ್ಪತ್ತೊಂದೇ ಅಂತ ನಿನ್ನ ಹೆಂಡ್ತಿ ನಮ್ಮವಳ ಹತ್ರ ಹೇಳಿದ್ಲಂತೆ" ಎಂದ ಬೋರಪ್ಪ, ಹಲ್ಲು ಕಚ್ಚಿಕೊಂಡು. "ನಾನು ಹೆಣ್ಣಿನ ಕಡೆಯ ಹಿರಿಯೂರಿನ ಬೀಗರಿಗೆಲ್ಲ ಐವತ್ತೈದು ಅಂತ ಹೇಳ್ಕಂಡು ಕುಂತೀನಿ. ಈಗ ಮಾನ ಹೋಗೋದು ನಿಂದಲ್ಲಪ್ಪ, ನಂದು. ತಗಾ ಮೂವತ್ನಾಲ್ಕು. ಹಾಕು. ಮೂರ್ತಪ್ಪಂಗೆ ತಿಳಿದ್ರೆ ನಾನು ನಿನ್ನ ಸುಮ್ನೆ ಬಿಡಲ್ಲ."

"ದೊಡ್ಡ ಭಾವ, ನನ್ನ ಮಾತು ಕೇಳ್ರಿ, ಈಗಾಗ್ಲೇ..."

"ಏನು ಈಗಾಗ್ಲೇ? ಹೋಗು!"

ಚಿತ್ರಲಿಂಗಪ್ಪ ಜಮಖಾನದ ಮೇಲೆ ಬಂದು ಕುಂತ. ಜೇಬಿನಲ್ಲಿ ಇಪ್ಪತ್ತೊಂದು, ಮೂರು ಮೂವತ್ನಾಲ್ಕು. ಐವತ್ತೈದು ಹಾಕಿ ಮಿಕ್ಕಿದ್ದನ್ನು ಇಟ್ಟುಕೊಂಡರೆ ಮದುವೆಮನೆಯ ದುಡ್ಡು ಕದ್ದ ಹಾಗೆ. ವಾಪಸ್ಸು ಕೊಡೋಣವೆಂದರೆ ಭಾವನಿಗೆ ಯಾಕೆಂದು ಹೇಳುವಂತಿಲ್ಲ, ಅಕ್ಕನಿಗೆ ಹೇಳುವಂತಿಲ್ಲ, ಬೋರಪ್ಪನ ಮುಂದೆ ಬಾಯಿ ತೆಗೆಯುವಂತೆಯೇ ಇಲ್ಲ. ಮೂವರೂ ಹೇಳಿದ ಮಾತು ಒಂದೇ: ಮುಯ್ಯಿಗೆ ಹಾಕು. ಇಪ್ಪತ್ತು ವರ್ಷ ಬೇರೆಯವರು ಹೇಳಿದ್ದನ್ನೇ ಬರೆದು ಅಭ್ಯಾಸವಾಗಿದ್ದ ಆ ಬಡಪಾಯಿ ಜೇಬಿನಲ್ಲಿದ್ದದ್ದನ್ನೆಲ್ಲ ತೆಗೆದು ತಟ್ಟೆಗೆ ಸುರಿದ.

ಎಣಿಸಿದ. ಇನ್ನೊಮ್ಮೆ ಎಣಿಸಿದ. ಬರೆದ. ಎದ್ದು ನಿಂತು, ಅಡುಗೆಮನೆಗೆ ಕೇಳುವಂತೆ ಕೂಗಿದ.

"ಹೊಸದುರ್ಗ! ಸೋದರಮಾವ ಚಿತ್ರಲಿಂಗಪ್ಪ! ನೂರಾ ಇಪ್ಪತ್ಮೂರು ರೂಪಾಯಿ!"

ಓಲಗದವನ ಬಾಯಿಂದ ವಾದ್ಯ ಜಾರಿತು. ಊಟಕ್ಕೆ ಕುಂತವರು ತುತ್ತು ಕೈಯಲ್ಲಿ ಹಿಡಿದು ಎದ್ದು ನೋಡಿದರು. ಮೂರ್ತಪ್ಪ ಬಾಯಿ ಬಿಟ್ಟು ನಿಂತ. ಅವನಿಗೆ ಐವತ್ತೈದರವರೆಗೆ ಲೆಕ್ಕ ಗೊತ್ತಿತ್ತು, ಅಲ್ಲಿಂದಾಚೆ ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲಿಗೆ ಸೌಟು ಹಿಡಿದು ಬಂದ ದುರುಗಕ್ಕನಿಗೂ ಅಷ್ಟೇ ಗೊತ್ತಿತ್ತು. ಬೋರಪ್ಪನ ಹೆಂಡತಿ ಐವತ್ತೊಂದರ ಮಾತನ್ನು ಅವತ್ತಿನಿಂದ ಆಡಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಹಿರಿಯೂರಿನ ಬೀಗರಲ್ಲಿ ಹಿರಿಯರೊಬ್ಬರು ತಲೆದೂಗಿ, "ಭಲೇ. ಬೋರಪ್ಪಾರೇ, ಇವರಿಗೊಬ್ಬ ಮಗಳು ಅದಾಳೆ ಅಂತ ಕೇಳಿದ್ದೆ. ನಾಳೆ ಆ ಮದುವೇಗೆ ನೀವು ತೀರಿಸ್ಬೇಕಲ್ಲ. ಒಂದಕ್ಕೆ ಐದರಂಗೆ ಎಷ್ಟಾಗ್ತೈತೆ?" ಎಂದು ಕೇಳಿದರು. ಪಾಪ, ಅವರು ಸುಮ್ಮನೆ ತಿಳಿದುಕೊಳ್ಳೋಣವೆಂದೇ ಕೇಳಿದ್ದು.

ಚಿತ್ರಲಿಂಗಪ್ಪನ ಬಾಯಿ ಅಭ್ಯಾಸಬಲದಿಂದ ಹೇಳಿಬಿಟ್ಟಿತು: "ಆರುನೂರಾ ಹದಿನೈದು."

ಬೋರಪ್ಪ ಕಂಬ ಹಿಡಿದುಕೊಂಡ. ಆರುನೂರಾ ಹದಿನೈದೆಂದರೆ ಜೋಡಿ ಎತ್ತು. ಮೀಸೆ ಎರಡು ಸಲ ಮೇಲೆ ಕೆಳಗೆ ಆಡಿತು. ಆಮೇಲೆ ಜಮಖಾನದ ನಡುವೆ ಬಂದು ನಿಂತು, ಕೈ ಮೇಲೆತ್ತಿ, ಇಡೀ ಚಪ್ಪರ ನಡುಗುವಂತೆ ಕೂಗಿದ.

"ಕೇಳ್ರಪ್ಪ ಎಲ್ಲಾರೂ! ಮುಯ್ಯಿಗೆ ಹಣದುಬ್ಬರ ಇಲ್ಲ! ಪ್ರೀತಿಯಿಂದ ಕೊಡೋದಕ್ಕೆ ಯಾವ ಆರ್ಡರ್ರೂ ಇಲ್ಲ, ಯಾವ ಆಫೀಸೂ ಇಲ್ಲ! ಪುಸ್ತಕದಾಗೆ ಎಷ್ಟು ಬರ್ದೈತೋ ಅಷ್ಟು ಕೊಟ್ರೆ ಸಾಕು! ಮೊದ್ಲಿಂದ ನಾನು ಹೇಳ್ತಿರೋದು ಇದನ್ನೇ!"

"ಹೌದು, ಹೌದು" ಎಂದು ಜನವೆಲ್ಲ ಕೂಗಿತು. ಹೆಚ್ಚು ಕೊಟ್ಟವರು ಬಂದು ಹೆಚ್ಚಿನದನ್ನು ವಾಪಸ್ಸು ತೆಗೆದುಕೊಂಡರು. ಎರಡು ರೂಪಾಯಿ ಎಸೆದು ಓಡಿದ್ದವನು ಪಂಕ್ತಿಯಿಂದ ಎದ್ದು ಬಂದು ಮರ್ಯಾದೆಯಾಗಿ ನಿಂತ. ಆರ್ಡರ್ ರದ್ದಾದ ಸುದ್ದಿ ಮಧ್ಯಾಹ್ನದ ಬಸ್ಸಿಗೇ ಹೊರಟಿತು. ತಾಲ್ಲೂಕು ಕಚೇರಿಗೆ ತಿಳಿಯುವ ಮೊದಲೇ ತಾಲ್ಲೂಕಿಗೆಲ್ಲ ತಿಳಿಯಿತು.

ಸಂಜೆ ದುರುಗಕ್ಕ ತಮ್ಮನನ್ನೂ ಶಾಂತಕ್ಕನನ್ನೂ ಬಸ್ಸಿನವರೆಗೆ ಕಳಿಸಲು ಬಂದಳು. ದಾರಿಯಲ್ಲಿ ಯಾರೂ ಇಲ್ಲದ ಕಡೆ ನಿಂತು, "ಈಗ ಹೇಳು. ನನ್ನ ಮೂವತ್ನಾಲ್ಕು ಗೊತ್ತು. ಮಿಕ್ಕಿದ್ದು ಯಾರ್ದು?" ಎಂದಳು.

ಚಿತ್ರಲಿಂಗಪ್ಪ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತ.

"ನಿಮ್ಮ ಭಾವ?"

ಅವನು ಬಸ್ಸು ಬರುವ ದಾರಿಯ ಕಡೆ ತಿರುಗಿದ. ಆಣೆ ಇತ್ತಲ್ಲ.

"ಅವರೂ ಕೊಟ್ರಾ!" ದುರುಗಕ್ಕನ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ನಗು. "ಇನ್ನೊಂದು ಮೂವತ್ನಾಲ್ಕು? ದೊಡ್ಡ ಭಾವ ಅಂತ ಮಾತ್ರ ಹೇಳ್ಬೇಡ." ತಮ್ಮನ ಮುಖ ನೋಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕುಂತು ನಕ್ಕಳು. "ಅಲ್ಲೋ, ನಮ್ಮನೆ ದುಡ್ಡು ನಮ್ಮನೇಗೇ ಬಂತಲ್ಲೋ. ಊರೋರು ನೂರಾ ಇಪ್ಪತ್ಮೂರು ಅಂತಾರೆ, ಬಂದಿದ್ದು ಇಪ್ಪತ್ತೊಂದೇ."

"ಅದೇ ಅಕ್ಕ" ಎಂದ ಚಿತ್ರಲಿಂಗಪ್ಪ. "ಪೇಪರ್ನಾಗೆ ಬರ್ದಿದ್ದು ಅದನ್ನೇ. ನಾನು ಇಷ್ಟು ದಿನ ಸರಿಯಾಗಿ ತಿಳ್ಕಂಡಿರ್ಲಿಲ್ಲ."

ಬಸ್ಸು ದೂಳೆಬ್ಬಿಸಿಕೊಂಡು ಬಂತು. ಆಗ ಅವನಿಗೆ ಜೇಬು ನೆನಪಾಯಿತು. ಖಾಲಿ. ಬಸ್ ಚಾರ್ಜನ್ನೂ ತಟ್ಟೆಗೆ ಸುರಿದಿದ್ದ. ಅವನ ಕೈ ಜೇಬಿನಲ್ಲೇ ನಿಂತದ್ದನ್ನು ನೋಡಿ ದುರುಗಕ್ಕ ಕುಬಸದೊಳಗಿಂದ ಒಂದು ಐದು ರೂಪಾಯಿ ನೋಟು ತೆಗೆದು ಅವನ ಮುಷ್ಟಿಗೆ ತುರುಕಿದಳು.

"ಇದನ್ನ ಬಸ್ಸಿಗೆ ಹಾಕು. ಮುಯ್ಯಿಗೆ ಹಾಕ್ಬೇಡ."

ಬಸ್ಸಿನಲ್ಲಿ ಕಂಡಕ್ಟರ್ ಎರಡು ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಎಣಿಸುತ್ತಾ, "ಹೋಗುವಾಗಿನಷ್ಟೇ ಅಂತ ತಿಳೀಬ್ಯಾಡ್ರಿ ಯಜಮಾನ್ರೇ, ಇವತ್ತು ಮಧ್ಯಾಹ್ನದಿಂದ ಹತ್ತು ಪೈಸೆ ಜಾಸ್ತಿ. ಹಣದುಬ್ಬರ ಅಂತ ಒಂದು ಬಂದೈತೆ. ನಿಮಗೆ ಗೊತ್ತಿಲ್ಲ ಅನ್ಸುತ್ತೆ" ಎಂದ.

ಶಾಂತಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

"ಇಲ್ಲಪ್ಪ, ಗೊತ್ತಿಲ್ಲ" ಎಂದ ಚಿತ್ರಲಿಂಗಪ್ಪ. "ಹಂಗಂದ್ರೆ ಏನು?"

ಕಂಡಕ್ಟರ್ ಚೀಲವನ್ನು ಬಗಲಿಗೆ ಸರಿಸಿ, ಎದುರಿನ ಸೀಟಿನ ಕಂಬಿಗೆ ಒರಗಿ, ಗಂಟಲು ಸರಿ ಮಾಡಿಕೊಂಡ. ಹೊಳಲ್ಕೆರೆ ಬರುವತನಕ ವಿವರವಾಗಿ ಹೇಳಿದ. ಚಿತ್ರಲಿಂಗಪ್ಪ ಒಂದು ಮಾತೂ ಆಡದೆ ಪೂರ್ತಿ ಕೇಳಿದ.